ಅಲೈನ್‌ಮೆಂಟಿನ ಮಾಲವ್ವ

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಹತ್ತಿರ, ಚನಬಸಪ್ಪನವರ ಟೈರ್ ಅಂಗಡಿ ಇದೆ. ಮುಂದೆ ಟೈರುಗಳ ರಾಶಿ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನ ನಡುವೆ ಆಳೆತ್ತರದ ಗುಂಡಿ. ಕಾರು ಆ ಗುಂಡಿಯ ಆಚೆಗೆರಡು ಈಚೆಗೆರಡು ಚಕ್ರ ಇಟ್ಟು ನಿಲ್ಲುತ್ತದೆ. ಮಿಸ್ತ್ರಿ ಆರು ಮೆಟ್ಟಿಲು ಇಳಿದು ಅದರ ಹೊಟ್ಟೆಯ ಕೆಳಗೆ ಹೋಗುತ್ತಾನೆ. ನಾಲ್ಕೂ ಚಕ್ರಗಳಿಗೆ ಸೆನ್ಸಾರ್ ಕಟ್ಟಿದರೆ, ಯಾವ ಚಕ್ರ ಎಷ್ಟು ಓರೆಯಾಗಿದೆ ಎಂಬುದು ಮೂಲೆಯ ಕಂಪ್ಯೂಟರಿನ ಪರದೆಯ ಮೇಲೆ ಅಂಕಿಯಾಗಿ ಮೂಡುತ್ತದೆ. ಗುಂಡಿಯಲ್ಲಿ ನಿಂತವನಿಗೆ ಆ ಪರದೆ ಕಾಣುವುದಿಲ್ಲ. ಹಾಗಾಗಿ ಮೇಲೆ ಒಬ್ಬರು ಕೂತು ಓದಿ ಹೇಳಬೇಕು. ಹದಿನೈದು ವರ್ಷ ಹಾಗೆ ಓದಿ ಹೇಳಿದವಳು ಮಾಲವ್ವ. ಕೆಳಗೆ ನಿಂತು ಕೇಳಿಸಿಕೊಂಡವನು ಸುಭಾನಿ ಮಿಸ್ತ್ರಿ.

"ಮುಂದಿನ ಎಡ ಹೇಳವಾ," ಎಂದು ಕೆಳಗಿನಿಂದ ದನಿ ಬರುತ್ತಿತ್ತು.

"ಹನ್ನೆರಡು."

"ಈಗ?"

"ಒಂಬತ್ತು... ಏಳು... ನಿಂದರ್ರಿ ಭಾಯ್. ಮತ್ತ ಎಂಟಾತು."

"ಈಗ?"

"ಆರು. ಸಾಕ್ರಿ."

ಆಮೇಲೆ ಪಾನಾ ಹಾಕಿ ನಟ್ಟು ಬಿಗಿಯುವ ಸದ್ದು, ಸುಭಾನಿಯ ಉಸಿರು. ನಟ್ಟು ಸುಲಭವಾಗಿ ಬರುತ್ತಿದೆಯೋ, ಜಂಗು ಹಿಡಿದು ಹಟ ಮಾಡುತ್ತಿದೆಯೋ ಎಂಬುದು ಆ ಉಸಿರಿನಿಂದಲೇ ಅವಳಿಗೆ ತಿಳಿಯುತ್ತಿತ್ತು. ಬಿಗಿಯುವಾಗ ಅಂಕಿ ಅಲುಗಿದರೆ, ಅವನು ಕೇಳುವ ಮೊದಲೇ "ತಲಿ ಹಿಡೀರಿ" ಎನ್ನುತ್ತಿದ್ದಳು. ಬೋಲ್ಟಿನ ತಲೆ ಹಿಡಿಯದೆ ನಟ್ಟು ಬಿಗಿದರೆ ಮಾಡಿದ್ದೆಲ್ಲ ಹಾಳು ಎಂಬುದನ್ನು ಅವಳು ಒಮ್ಮೆಯೂ ಪಾನಾ ಮುಟ್ಟದೆ ಕಲಿತಿದ್ದಳು.

ಕೆಲಸದ ಮಾತು ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತು ಕಡಿಮೆ. ಮಧ್ಯಾಹ್ನ ಅವನು ನಮಾಜಿಗೆ ಹೋಗುತ್ತಿದ್ದ, ಅವಳು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಅವನು ತಿರುಗಿ ಬಂದು ಚಹಾ ತರಿಸಿದರೆ ಅವಳಿಗೂ ಒಂದು ಕಪ್ಪು ಬರುತ್ತಿತ್ತು. ಅಷ್ಟೇ.

ಮಾಲವ್ವನ ತಂದೆ ಧಾರವಾಡ ಜಿಲ್ಲೆಯಿಂದ ಬಂದು ಪೇಪರ್ ಮಿಲ್ಲಿಗೆ ಸೇರಿದವರು. ಒಬ್ಬಳೇ ಮಗಳು. ಹತ್ತನೆಯ ತರಗತಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋದಳು. ಇಪ್ಪತ್ಮೂರಕ್ಕೆ ಕಲಘಟಗಿಯ ಕಡೆಯ ಒಬ್ಬನಿಗೆ ಮದುವೆ ಮಾಡಿಕೊಟ್ಟರು. ಎಂಟು ತಿಂಗಳಲ್ಲಿ ಗಂಡನಿಗೆ ಮೊದಲಿನಿಂದಲೂ ಇನ್ನೊಂದು ಸಂಸಾರ ಇರುವುದು ಗೊತ್ತಾಯಿತು. ಜಗಳ ಮಾಡುವಷ್ಟು ಪರಿಚಯವೂ ಅವನ ಜೊತೆ ಆಗಿರಲಿಲ್ಲ. ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿ ಬಂದಳು. ಬಾಗಿಲು ತೆರೆದ ತಾಯಿ ಗುರುಸಿದ್ದವ್ವ ಟ್ರಂಕು ನೋಡಿ, "ಕೈಕಾಲು ತೊಳಕೊ, ಉಣ್ಣಾಕ ಹಾಕ್ತೇನಿ" ಎಂದಳು. ತಂದೆ ಹೋದ ಮೇಲೆ ತಾಯಿ ಮಗಳು ಹಳೇ ದಾಂಡೇಲಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದರು. ಚನಬಸಪ್ಪನವರು ಹೊಸದಾಗಿ ಚಕ್ರದ ಓರೆ ಅಳೆಯುವ ಅಲೈನ್‌ಮೆಂಟ್ ಮಷಿನ್ ತಂದು, ಕಂಪ್ಯೂಟರ್ ಗೊತ್ತಿದ್ದವರನ್ನು ಹುಡುಕುತ್ತಿದ್ದಾಗ ಮಾಲವ್ವ ಹೋಗಿ ಕೂತಳು. ನಾಲ್ಕು ವರ್ಷದ ಹಿಂದೆ ಗುರುಸಿದ್ದವ್ವನೂ ತೀರಿಕೊಂಡಳು. ಆಮೇಲೆ ಎಷ್ಟೋ ದಿನ ಅಂಗಡಿಯ ಅಂಕಿಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಅವಳು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಒಂದು ಬುಧವಾರ, ಸುಭಾನಿ ಗುಂಡಿಯಿಂದ ಮೇಲೆ ಬರಲಿಲ್ಲ. "ಆತೇನ್ರಿ?" ಎಂದು ಅವಳು ಎರಡು ಸಲ ಕೇಳಿದಳು. ಕೆಳಗಿನಿಂದ, "ಆತವಾ, ಆದರ ಏಳಾಕ ಬರವಲ್ದು" ಎಂಬ ಉತ್ತರ ಬಂತು. ಬೆನ್ನು ಹಿಡಿದುಕೊಂಡಿತ್ತು. ಟೈರ್ ಕೆಲಸದ ಇಬ್ಬರು ಇಳಿದು ಹೊತ್ತು ತಂದರು. ಹುಬ್ಬಳ್ಳಿಯ ಡಾಕ್ಟರು ಇನ್ನು ಬಗ್ಗುವ, ಎತ್ತುವ ಕೆಲಸ ಬೇಡ ಎಂದರು. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನನ್ನು ಮುಂಡಗೋಡದ ಮಗಳು ತರನ್ನುಮ ಬಂದು ಕರೆದುಕೊಂಡು ಹೋದಳು. ಹೋಗುವ ದಿನ ಅಂಗಡಿಗೆ ಬಂದು ಮಾಲವ್ವನಿಗೆ ಪಾನಾಗಳ ಪೆಟ್ಟಿಗೆ ತೋರಿಸಿದ.

"ಹದಿನೇಳರ ರಿಂಗ್ ಪಾನಾ ಎರಡು ಅದಾವ. ಒಂದು ಸವದೈತಿ, ಅದನ್ನ ಯಾರ ಕೈಯಾಗೂ ಕೊಡಬ್ಯಾಡ. ನಟ್ಟಿನ ಮೂಲಿ ತಿಂದಬಿಡತೈತಿ."

"ಹೂಂ ರೀ."

"ಬರ್ತೇನಿ ಮಾಲವ್ವಾ."

"ಹೂಂ ರೀ, ಬರ್ರಿ."

ಅವನ ಜಾಗಕ್ಕೆ ಬಂದ ಮೊದಲನೆಯವನು ಅಂಕಿ ಕೇಳುತ್ತಲೇ ಇರಲಿಲ್ಲ. ಎರಡನೆಯವನು, "ಅಕ್ಕಾರ, ನೀವು ಒದರೂದು ಬ್ಯಾಡ, ನಾನ ಮ್ಯಾಲೆ ಬಂದು ನೋಡ್ತೇನಿ" ಎಂದು ಪ್ರತಿ ಸಲ ಹತ್ತಿ ಇಳಿದ. ಮೂರನೆಯವನು ಕೆಲಸ ಬಲ್ಲವನು, ಮೂರು ತಿಂಗಳಿಗೆ ಹುಬ್ಬಳ್ಳಿಯ ಶೋರೂಮಿಗೆ ಹೋದ. ಚನಬಸಪ್ಪನವರು ಹೆಚ್ಚಾಗಿ ಹಳಿಯಾಳದ ಅಂಗಡಿಯಲ್ಲೇ ಇರುವವರು. ಒಂದು ದಿನ ಬಂದು ಮುಚ್ಚಿಟ್ಟ ಮಷಿನ್ ನೋಡಿ, "ಇನ್ನ ಇದನ್ನ ಬಂದ್ ಮಾಡೂದ ಛಲೋ ಅನಸ್ತೈತಿ ಮಾಲವ್ವ, ನೀ ಟೈರಿನ ಬಿಲ್ ಬರಿ" ಎಂದರು.

"ನಾ ಇಳೀತೇನ್ರಿ," ಎಂದಳು ಮಾಲವ್ವ.

ಅವರು ನಕ್ಕರು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿ, "ನೋಡು, ಸೇರಿದರ ಮಾಡು" ಎಂದರು.

ಮರುದಿನ ಚೂಡಿದಾರದ ಮೇಲೆ ತಂದೆಯ ಹಳೆಯ ಮಿಲ್ಲಿನ ಖಾಕಿ ಅಂಗಿ ತೊಟ್ಟು ಗುಂಡಿಗೆ ಇಳಿದಳು. ಕೆಳಗೆ ಎಣ್ಣೆಯ ವಾಸನೆ, ತಲೆಯ ಮೇಲೆ ಕಾರಿನ ಬಿಸಿ. ಮೊದಲ ಕಾರಿಗೆ ಇಡೀ ಬೆಳಗು ಹಿಡಿಯಿತು. ತಿಂಗಳು ಕಳೆಯುವಷ್ಟರಲ್ಲಿ ಸಾದಾ ಗಾಡಿಗಳ ಕೆಲಸ ಕೈಗೆ ಹತ್ತಿತು. ಆದರೆ ಅಂಕಿ ಹೇಳುವವರು ಯಾರೂ ಇರಲಿಲ್ಲ. ಒಂದಿಷ್ಟು ತಿರುಗಿಸುವುದು, ಆರು ಮೆಟ್ಟಿಲು ಹತ್ತಿ ಪರದೆ ನೋಡುವುದು, ಮತ್ತೆ ಇಳಿಯುವುದು. ಟೈರ್ ಕೆಲಸದವರು ಮುಂದಿನ ಲಾರಿಗಳಲ್ಲೇ ಮುಳುಗಿರುತ್ತಿದ್ದರು. ಹೊತ್ತು ಮುಳುಗುವಾಗ ಅವಳ ಮೊಣಕಾಲು ಕಲ್ಲಾಗಿರುತ್ತಿತ್ತು.

ಸುಭಾನಿಗೆ ಅವಳು ಒಮ್ಮೆ, ರಮಜಾನ್ ಹಬ್ಬದ ದಿನ, ಫೋನ್ ಮಾಡಿದ್ದಳು. "ಆರಾಮ ಅದೀರಿ ಭಾಯ್?" ಎಂದಳು. "ಆರಾಮ ಅದೇನವಾ. ನೀ?" "ಆರಾಮ ರೀ." ಅತ್ತ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. "ಫೋನ್ ಇಡ್ಲೇನವಾ?" ಎಂದ ಅವನು. "ಹೂಂ ರೀ" ಎಂದಳು. ತಾನು ಗುಂಡಿಗೆ ಇಳಿಯುತ್ತಿರುವುದನ್ನು ಹೇಳಬೇಕೆಂದೇ ಫೋನ್ ಮಾಡಿದ್ದು. ಅದೇ ಉಳಿದುಹೋಯಿತು.

ಕಳೆದ ವರ್ಷ ದೀಪಾವಳಿ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ಇಳಿದಿದ್ದ ದಿನಗಳಲ್ಲಿ, ಹಳಿಯಾಳದ ಶಿವಲಿಂಗ ಎಂಬವನು ಒಂದು ಕಾರು ತಂದ. ಒಂದು ಕಾಲಕ್ಕೆ ರ್‍ಯಾಲಿಯಲ್ಲಿ ಓಡಿದ ಹಳೆಯ ಜಪಾನಿ ಕಾರು. ನೆಲಕ್ಕೆ ತಗ್ಗಿ ಕೂತಿತ್ತು, ಒಳಗೆ ಹಿಂದಿನ ಸೀಟು ಇರಲಿಲ್ಲ, ಕಬ್ಬಿಣದ ಪೈಪಿನ ಪಂಜರ ಇತ್ತು. ಶಿವಲಿಂಗ ಕಬ್ಬು ಸಾಗಿಸುವ ಕಾಂಟ್ರ್ಯಾಕ್ಟುದಾರ, ರವಿವಾರ ಬಂದರೆ ಎಲ್ಲಿ ರೇಸು ನಡೆಯುತ್ತದೋ ಅಲ್ಲಿಗೆ ಓಡುವವನು.

"ನೂರರ ಮ್ಯಾಲೆ ಹೋದ್ರ ಹಿಂದಿನ ಭಾಗ ಒಂದ ಕಡೆ ಜಗ್ಗತೈತ್ರಿ," ಎಂದ. "ಹುಬ್ಬಳ್ಳ್ಯಾಗ ನೋಡಿದ್ರು. ಬೋಲ್ಟು ಹಿಡದಬಿಟ್ಟಾವ, ಇಡೀ ಆರ್ಮ್ ಬದಲಿ ಮಾಡಬೇಕು ಅಂತಾರ. ಅದು ಎಲ್ಲೂ ಸಿಗವಲ್ದು. ಬೋಲ್ಟು, ಬುಷ್ ಅಷ್ಟ ತರಿಸೇನಿ."

ಪೊಟ್ಟಣ ಬಿಚ್ಚಿದ. ಗೇಣುದ್ದದ ಎರಡು ಹೊಸ ಬೋಲ್ಟು. ಪ್ರತಿಯೊಂದರ ತಲೆಯ ಬಳಿ ದುಂಡನೆಯ ಬಿಲ್ಲೆ, ಆ ಬಿಲ್ಲೆಯ ತೂತು ನಡುವಿನಲ್ಲಿ ಇರದೆ ಒಂದು ಬದಿಗೆ ಸರಿದಿತ್ತು. ಬೋಲ್ಟು ತಿರುಗಿಸಿದಂತೆ ಚಕ್ರ ಹಿಡಿದ ಕಬ್ಬಿಣದ ತೋಳು ಕೂದಲೆಳೆಯಷ್ಟು ಒಳಗೆ ಅಥವಾ ಹೊರಗೆ ಸರಿಯುತ್ತದೆ. ಆದರೆ ಕಾರಿನಲ್ಲಿದ್ದ ಹಳೆಯ ಬೋಲ್ಟುಗಳು ಕೆಸರು ನೀರು ಕುಡಿದು, ತೋಳಿನ ಕೀಲಿನಲ್ಲಿರುವ ರಬ್ಬರ್ ಬುಷ್ಷಿನ ಒಳಗಿನ ಕೊಳವೆಗೆ ಅಂಟಿಕೊಂಡಿದ್ದವು. ಪಾನಾ ಹಾಕಿ ಜಗ್ಗಿದರೆ ಬುಷ್ಷಿನ ರಬ್ಬರು ತಿರುಚಿ ಮತ್ತೆ ಹಿಂದಕ್ಕೆ ಬರುತ್ತಿತ್ತೇ ಹೊರತು ಬೋಲ್ಟು ಮಿಸುಕಲಿಲ್ಲ.

"ಕೊಯ್ದು ತಗೀಬೇಕ್ರಿ," ಎಂದಳು ಮಾಲವ್ವ. "ಇವತ್ತ ಶುಕ್ರವಾರ. ನಾಳೆ ಸಂಜಿಗೆ ಬರ್ರಿ."

"ನಿಮಗ ಆಗತೈತಿ?"

"ನೋಡೂಣು."

ಅವನು ಒಂದು ಚೀಟಿ ಕೊಟ್ಟ. ಹಿಂದಿನ ಎರಡೂ ಚಕ್ರ ಒಳಮುಖವಾಗಿ ಆರಾರು ಇರಬೇಕು, ಎರಡೂ ಕಡೆ ಸಮ. ಕೊಟ್ಟು, ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕೂತು ಹಳಿಯಾಳಕ್ಕೆ ಹೋದ.

ಅವಳು ಕಾರಿನ ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿದಳು. ಬೆಂಕಿ ಕೊಡುವಂತಿರಲಿಲ್ಲ, ಪೆಟ್ರೋಲ್ ಟಾಕಿ ಹತ್ತಿರವೇ ಇತ್ತು. ಗ್ರೈಂಡರ್ ಹೋಗುವಷ್ಟು ಸಂದಿಯೂ ಇರಲಿಲ್ಲ. ಗರಗಸದ ಅಲಗಿನ ಒಂದು ತುದಿಗೆ ಬಟ್ಟೆ ಸುತ್ತಿ, ಅದನ್ನೇ ಬುಷ್ಷಿಗೂ ಕಬ್ಬಿಣಕ್ಕೂ ನಡುವಿನ ಸಂದಿಯಲ್ಲಿ ತೂರಿಸಿ ಕೊಯ್ಯತೊಡಗಿದಳು. ಒಂದು ಬೋಲ್ಟಿಗೆ ಎರಡು ಕಡೆ, ಎರಡು ಬೋಲ್ಟಿಗೆ ನಾಲ್ಕು ಕೊಯ್ತ. ಮೊದಲನೆಯದು ತುಂಡಾಗುವ ಹೊತ್ತಿಗೆ ಮಿಲ್ಲಿನ ಮಧ್ಯಾಹ್ನದ ಪಾಳಿಯವರು ಸೈಕಲ್ಲುಗಳಲ್ಲಿ ಹೋಗುತ್ತಿದ್ದರು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಆರು ಅಲಗು ಮುರಿದವು. ದೀಪ ಹಚ್ಚುವ ಹೊತ್ತಿಗೆ ನಾಲ್ಕನೆಯ ಕೊಯ್ತ ಮುಗಿದು, ಬೋಲ್ಟಿನ ಕೊನೆಯ ತುಂಡು ಕೆಳಗೆ ಬಿತ್ತು. ಅವಳು ಅದನ್ನು ಎತ್ತಿ ನೋಡಿದಳು. ಸವೆದು ನಡು ಸಣ್ಣಗಾಗಿತ್ತು. ಯಾರಿಗಾದರೂ ತೋರಿಸಬೇಕೆನ್ನಿಸಿತು. ಟೈರಿನವರು ಆಗಲೇ ಮನೆಗೆ ಹೋಗಿದ್ದರು. ಷಟರ್ ಎಳೆದು ಮನೆಗೆ ಹೋಗಿ, ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದಳು.

ಶನಿವಾರ ಬೆಳಗ್ಗೆ ಹಳೆಯ ಬುಷ್ ಒತ್ತಿ ತೆಗೆದು ಹೊಸದನ್ನು ಕೂರಿಸಿದಳು. ಬೋಲ್ಟಿನ ಮೈಗೆ ತಾಮ್ರ ಬಣ್ಣದ ಗ್ರೀಸು ತೆಳ್ಳಗೆ ಸವರಿದಳು. ಇನ್ನೊಮ್ಮೆ ಇದು ಹಿಡಿಯಬಾರದು. ನಟ್ಟು ಕೈಯಲ್ಲಿ ತಿರುಗುವಷ್ಟು ಮಾತ್ರ ಹಾಕಿ, ಚಕ್ರ ಕಟ್ಟಿ, ಕಾರನ್ನು ಗುಂಡಿಯ ಮೇಲೆ ತಳ್ಳಿಸಿದಳು. ಇಂಥ ಬೋಲ್ಟನ್ನು ಕಾರು ತನ್ನ ಭಾರ ತಾನೇ ಹೊತ್ತು ನಿಂತಾಗಲೇ ಬಿಗಿಯಬೇಕು, ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರು ತಿರುಚಿಕೊಳ್ಳುತ್ತದೆ ಎಂದು ಸುಭಾನಿ ಯಾರಿಗೋ ಬೈಯುವಾಗ ಕೇಳಿದ್ದಳು.

ಅಲ್ಲಿಂದ ಕಷ್ಟ ಸುರುವಾಯಿತು. ಸಾದಾ ಕಾರಿನ ಹಿಂದಿನ ಚಕ್ರಕ್ಕೆ ಇಂಥ ಹೊಂದಾಣಿಕೆಯೇ ಇರುವುದಿಲ್ಲ. ಇಲ್ಲಿ ಎಡ ತಿದ್ದಿದರೆ ಬಲ ಅಲುಗುತ್ತಿತ್ತು. ಆರಕ್ಕೆ ತಂದು ಮೇಲೆ ಹೋಗಿ ನೋಡಿದರೆ ಹನ್ನೊಂದು ಆಗಿರುತ್ತಿತ್ತು. ಇಳಿದು ತಿದ್ದಿ ಹತ್ತಿದರೆ ಎರಡು. ಬಿಗಿಯುವಾಗ ಯಾವ ಗಳಿಗೆಯಲ್ಲಿ ಸರಿಯಿತು ಎಂಬುದು ಗೊತ್ತಾಗುತ್ತಿರಲಿಲ್ಲ. ಎಣಿಸುವುದನ್ನು ಬಿಟ್ಟ ಮೇಲೆಯೂ ಎಷ್ಟೋ ಸಲ ಹತ್ತಿ ಇಳಿದಳು. ಕೊನೆಗೆ ನಡುಮೆಟ್ಟಿಲ ಮೇಲೆ ಕೂತು, ಎಣ್ಣೆಗೈಯನ್ನು ಅಂಗಿಗೆ ಒರೆಸಿ, ಮುಂಡಗೋಡಕ್ಕೆ ಫೋನ್ ಹಚ್ಚಿದಳು.

"ಭಾಯ್, ಮಾಲವ್ವರಿ. ಹಿಂದಿನ ಬೋಲ್ಟು ಬಿಗಿಯೂ ಮುಂದ ಸರೀತೈತಿ."

"ಯಾರು ಬಿಗ್ಯಾಕತ್ತಾರ?"

"ನಾನ ರೀ."

"ನೀ ಗುಂಡ್ಯಾಗ ಇಳದೀಯೇನು?" ಎಂದ ಸುಭಾನಿ.

"ಒಂಬತ್ತು ತಿಂಗಳಾತ್ರಿ."

"ಮತ್ತ ಹೇಳಲಿಲ್ಲ?"

ಅವಳು ಫೋನನ್ನು ಇನ್ನೊಂದು ಕಿವಿಗೆ ಹಚ್ಚಿಕೊಂಡಳು. ಅವನೇ ಮುಂದುವರಿಸಿ ಕೇಳಿದ: "ಅಂಕಿ ಯಾರು ಓದ್ತಾರ?"

"ಯಾರೂ ಇಲ್ರಿ. ನಾನ ಹತ್ತಿ ನೋಡ್ತೇನಿ."

"ಹಂಗ ಹೆಂಗಾಗತೈತಿ," ಎಂದು ಅವನು ಸಿಟ್ಟಿನಿಂದ ಅಂದ. ಹಿಂದೆ ಮಗಳು ತರನ್ನುಮ ಏನೋ ಹೇಳುವುದು ಕೇಳಿಸಿತು. ಆಮೇಲೆ ಅವಳೇ ಫೋನ್ ತಗೊಂಡು, "ಮಾಲಕ್ಕಾ, ವಿಡಿಯೋ ಕಾಲ್ ಮಾಡ್ರಿ. ಫೋನ್ ಕಂಪ್ಯೂಟರ್ ಮುಂದ ಇಡ್ರಿ. ಅಬ್ಬಾ ಇಲ್ಲಿಂದ ನೋಡಿ ಹೇಳ್ತಾರ" ಎಂದಳು.

ಮಾಲವ್ವ ಸ್ಟೂಲಿನ ಮೇಲೆ ಟೈರಿನ ತುಂಡು ಇಟ್ಟು, ಅದಕ್ಕೆ ಫೋನ್ ಆನಿಸಿ, ದನಿ ಪೂರ್ತಿ ಏರಿಸಿ ಕೆಳಗೆ ಇಳಿದಳು. ಎರಡು ಪಾನಾ ಹಚ್ಚಿದಳು, ಒಂದು ತಲೆಗೆ, ಒಂದು ನಟ್ಟಿಗೆ.

"ಹೇಳ್ರಿ ಭಾಯ್. ಹಿಂದಿನ ಎಡ."

"ತಡಿ, ಚಷ್ಮಾ... ಹಾಂ. ಹಿಂದಿನ ಎಡ... ಹದಿಮೂರು."

ಅವನು ನಿಧಾನವಾಗಿ ಓದುತ್ತಿದ್ದ. ನಡುನಡುವೆ ದನಿ ಒಡೆಯುತ್ತಿತ್ತು, ಕೆಲವೊಮ್ಮೆ ಅಂಕಿಯ ಅರ್ಧವಷ್ಟೇ ಬಂದು ಮುಟ್ಟುತ್ತಿತ್ತು. ಆದರೂ ಕತ್ತೆತ್ತಿ ನಿಂತ ಮಾಲವ್ವನಿಗೆ ಕೈ ತಾನಾಗಿ ಹಗುರಾಯಿತು. ತಾನು ತಿರುಗಿಸಿದ್ದಕ್ಕೆ ಮೇಲಿನಿಂದ ಕೂಡಲೇ ಉತ್ತರ ಬರುತ್ತಿತ್ತು. ಹನ್ನೊಂದು. ಒಂಬತ್ತು. ಎಂಟು.

"ತಲಿಗೆ ಹಾಕಿದ ಪಾನಾ ಗ್ವಾಡಿಗೆ ಆನಿಸವಾ. ಕೈಯಿಂದ ಹಿಡೀಬ್ಯಾಡ. ಅದು ಗ್ವಾಡಿ ಹಿಡೀಲಿ, ನೀ ನಟ್ಟು ನೋಡು."

ಆನಿಸಿದಳು. ಬೇಕಾದಷ್ಟು ಬಿಗಿಯಾದೊಡನೆ ಟಕ್ ಎನ್ನುವ ಟಾರ್ಕ್ ಪಾನಾ ಹಾಕಿ ಒತ್ತಿದಳು. "ಆರು," ಎಂದ ಅವನು. "ಆರು... ಆರು..." ಪಾನಾ ಟಕ್ ಎಂದಿತು. "ಆರ ಐತಿ."

ಎಡಗಡೆ ಮುಗಿಯಿತು. ಬಲಗಡೆಯೂ ಆರಕ್ಕೆ ಬಂದು, ಅವಳು ಒತ್ತುತ್ತಿರುವಾಗಲೇ ದನಿ ನಿಂತುಹೋಯಿತು. "ಭಾಯ್?" ಎಂದಳು. ಅರ್ಧಕ್ಕೆ ಬಿಡುವಂತಿರಲಿಲ್ಲ, ಟಕ್ ಎನ್ನುವ ತನಕ ಬಿಗಿದು ಮೇಲೆ ಹತ್ತಿದಳು. ನೆಟ್‌ವರ್ಕ್ ಹೋಗಿತ್ತು. ಪರದೆಯ ಮೇಲೆ ಬಲಗಡೆ ಎಂಟು ಇತ್ತು. ಐದು ನಿಮಿಷದ ಮೇಲೆ ಅವನೇ ಕಾಲ್ ಮಾಡಿದ.

"ಕಟ್ಟಾತು ನೋಡು. ಎಷ್ಟು ಬಂತು?"

"ಎಂಟು ರೀ."

"ಎರಡಷ್ಟ ಹೆಚ್ಚಾತು. ಗಾಡಿಯವಗ ಗೊತ್ತೂ ಆಗೂದಿಲ್ಲ, ಬಿಟ್ಟಬಿಡು."

ಅವಳು ಪರದೆ ನೋಡುತ್ತ ನಿಂತಳು. ಎರಡರ ವ್ಯತ್ಯಾಸ ದೊಡ್ಡದಲ್ಲ ಎಂಬುದು ಅವಳಿಗೂ ಗೊತ್ತಿತ್ತು.

"ಇಲ್ರಿ, ಆರಕ್ಕ ತರೂಣು," ಎಂದಳು.

ಸುಭಾನಿ, "ಹಂಗಾದ್ರ ಇಳಿ ಕೆಳಗ. ನಾ ಎಲ್ಲಿ ಹೋಗೂದೈತಿ" ಎಂದ.

ಸಡಿಲ ಮಾಡಿ ಮತ್ತೆ ಮೊದಲಿನಿಂದ ಮಾಡಿದರು. ಅವಳು ಅವಸರ ಮಾಡಲಿಲ್ಲ, ಅವನೂ ಮಾಡಲಿಲ್ಲ. ಆರಕ್ಕೆ ಬಿಗಿದ ಮೇಲೆ ನಟ್ಟಿನಿಂದ ಕಬ್ಬಿಣಕ್ಕೆ ಹಳದಿ ಬಣ್ಣದ ಒಂದು ಗೆರೆ ಎಳೆದಳು. ನಟ್ಟು ಮುಂದೆ ಸಡಿಲಾದರೆ ಗೆರೆ ಮುರಿದು ತೋರಿಸುತ್ತದೆ. ಮೇಲೆ ಬಂದು ಫೋನ್ ಕೈಗೆತ್ತಿಕೊಂಡಳು. ಪರದೆಯಲ್ಲಿ ಸುಭಾನಿ ಕಾಣುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಹಿಂದೆ ದಿಂಬುಗಳನ್ನು ಒಟ್ಟಿಕೊಂಡು ಕೂತಿದ್ದ.

"ಕೆಳಗ ಒಬ್ರ ಇದ್ರ ಬ್ಯಾಸರ ಬರತೈತಿ ಮಾಲವ್ವಾ," ಎಂದ. "ಮ್ಯಾಲಿಂದ ನಿನ್ನ ಅವಾಜ ಬರ್ತಿತ್ತಲ್ಲ, ಅದಕ್ಕ ನನಗ ಇಷ್ಟು ವರ್ಷ ಆ ಬ್ಯಾಸರ ಗೊತ್ತ ಆಗಲಿಲ್ಲ."

"ಹೌದ್ರಿ," ಎಂದಳು ಅವಳು.

ಸಂಜೆ ಶಿವಲಿಂಗ ಬಂದು ಕಾರನ್ನು ಕುಳಗಿಯ ರಸ್ತೆಯಲ್ಲಿ ಓಡಿಸಿ ತಂದ. ಇಳಿದವನು ಮೊದಲು ಬಗ್ಗಿ ಹಿಂದಿನ ಚಕ್ರ ನೋಡಿದ, ಆಮೇಲೆ ಅವಳ ಕೈಯ ಬೊಬ್ಬೆ ನೋಡಿದ. "ಸ್ಟೇರಿಂಗ್ ಮ್ಯಾಲಿನ ಕೈ ಬಿಟ್ರೂ ನೆಟ್ಟಗ ಹೊಂಟೈತ್ರಿ ಅಕ್ಕಾರ," ಎಂದ. ಐನೂರು ಕಿಲೋಮೀಟರ್ ಆದ ಮೇಲೆ ಬಂದು ನಟ್ಟು ತೋರಿಸಬೇಕೆಂದು ಅವಳು ಹೇಳಿ ಕಳಿಸಿದಳು. ಅವನು ಮರೆಯದೆ ಬಂದ. ಗೆರೆ ಎಳೆದ ಹಾಗೇ ಇತ್ತು.

ಆ ಚಳಿಗಾಲ ಮಾಲವ್ವನಿಗೆ ಚೆನ್ನಾಗಿ ಕಳೆಯಿತು. ಶಿವಲಿಂಗನ ಮಾತು ಕೇಳಿ ಬೆಳಗಾವಿಯಿಂದ, ಜೋಯಿಡಾದ ಆಚೆಯ ಗೋವಾದಿಂದ ಅಂಥದೇ ತಗ್ಗಿನ ಕಾರುಗಳು ಬರತೊಡಗಿದವು. ಬಂದಾಗಲೆಲ್ಲ ಅವಳು ಮುಂಡಗೋಡಕ್ಕೆ ಕಾಲ್ ಹಚ್ಚಿ ಫೋನನ್ನು ಸ್ಟೂಲಿನ ಮೇಲೆ ಇಡುತ್ತಿದ್ದಳು. ಸುಭಾನಿ ಬೆಳಗ್ಗೆಯೇ ಚಷ್ಮಾ ಒರೆಸಿಕೊಂಡು ಕಾಯುತ್ತಾನೆ ಎಂದು ತರನ್ನುಮ ಒಮ್ಮೆ ನಗುತ್ತ ಹೇಳಿದಳು. ಕಷ್ಟದ ಕಾರು ಇಲ್ಲದ ದಿನ ಮಾಲವ್ವ ಸಾದಾ ಕಾರಿಗೂ ಕಾಲ್ ಮಾಡಿದ್ದುಂಟು.

ಕಾರುಗಳು ಹೆಚ್ಚಾದದ್ದನ್ನು ನೋಡಿ ಚನಬಸಪ್ಪನವರು ಖುಷಿಯಾದರು. ಯುಗಾದಿಗೆ ಹೊಸ ಮಷಿನ್ ತರಿಸಿದರು. ಕೂರಿಸಲು ಬಂದವನು ಒಂದು ಸಣ್ಣ ಟ್ಯಾಬ್ಲೆಟ್ ಕೊಟ್ಟು, ಅದನ್ನು ಗುಂಡಿಯ ಗೋಡೆಗೆ ಸಿಗಿಸಿ, "ಇನ್ನ ನೀವು ಹತ್ತೂದು ಇಳಿಯೂದು ಬ್ಯಾಡ್ರಿ ಮೇಡಂ, ಎಲ್ಲಾ ಕಣ್ಣ ಮುಂದನ ಕಾಣತೈತಿ" ಎಂದ. ಚನಬಸಪ್ಪನವರು, "ನಿನ್ನ ಮೊಣಕಾಲು ಸಲುವಾಗಿನ ತಂದೇನಿ ನೋಡು" ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಅವಳು ಕೈಮುಗಿದಳು.

ಮೂರು ದಿನ ತಡೆದು ಸುಭಾನಿಗೆ ಹೇಳಿದಳು.

"ಹಂಗಾದ್ರ ಓದಾವ್ರು ಬೇಕಾಗಿಲ್ಲ ಅನ್ನು," ಎಂದ ಅವನು.

"ಕಾಣತೈತ್ರಿ ಕೆಳಗನ."

"ಛಲೋ ಆತವಾ. ನಿನಗ ತ್ರಾಸ ತಪ್ಪಿತು."

ಆಮೇಲೂ ಕೆಲವು ದಿನ ಕಾಲ್ ನಡೆಯಿತು. ಯಾವ ಗಾಡಿ ಬಂದಿತ್ತು, ಬೋಲ್ಟು ಹಿಡಿದಿತ್ತೋ, ಎಷ್ಟಕ್ಕೆ ನಿಂತಿತು ಎಂದು ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಮುಗಿದ ಕೆಲಸದ ಬಗ್ಗೆ ಹೇಳುವುದು ಬೇಗ ಮುಗಿಯುತ್ತಿತ್ತು. ಮಳೆಗಾಲ ಹಿಡಿದ ಮೇಲೆ ವಾರಕ್ಕೊಮ್ಮೆ ಆಯಿತು. ಆಮೇಲೆ ಅವನ ಕಣ್ಣಿನ ಆಪರೇಷನ್ ಆಯಿತು, ಫೋನ್ ಹೆಚ್ಚು ನೋಡಬಾರದೆಂದರು.

ಈಗ ಮಾಲವ್ವನ ಕೆಲಸ ದೊಡ್ಡ ಅಂಗಡಿಯವರ ಕೆಲಸಕ್ಕೆ ಯಾವುದರಲ್ಲೂ ಕಡಿಮೆ ಇಲ್ಲ. ಗುಂಡಿಯಲ್ಲಿ ನಿಂತು, ಗೋಡೆಯ ಅಂಕಿ ನೋಡುತ್ತ, ಬೋಲ್ಟು ತಿರುಗಿಸಿ, ಬಿಗಿದು ಮೇಲೆ ಬರುತ್ತಾಳೆ. ಒಂದು ಕಾರಿಗೆ ಅರ್ಧ ತಾಸು ಸಾಕು. ಷಟರ್ ಎಳೆದ ಮೇಲೆ ಬಸ್ ಸ್ಟ್ಯಾಂಡಿನ ಬಳಿ ಕಾಯಿಪಲ್ಲೆ ಮಾರುವ ಈರಕ್ಕನ ಹತ್ತಿರ ಪಲ್ಲೆ ತಗೊಂಡು, ಒಬ್ಬಳಿಗೆ ಎರಡು ರೊಟ್ಟಿ ಬಡಿಯಲು ಮನೆಗೆ ಹೋಗುತ್ತಾಳೆ. ಬರುವ ರವಿವಾರ ಮುಂಡಗೋಡಕ್ಕೆ ಹೋಗಿ ಸುಭಾನಿ ಭಾಯಿಯನ್ನು ನೋಡಿಕೊಂಡು ಬರಬೇಕು ಎಂದು ಪ್ರತಿ ವಾರ ಅಂದುಕೊಳ್ಳುತ್ತಾಳೆ. ಗೋವಾದ ಕಾರುಗಳು ಬರುವುದು ಹೆಚ್ಚಾಗಿ ರವಿವಾರವೇ.